ಕೇಪುಳದ ನೆಂಟರು

ಬೋಳಾರದ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಕೇಪುಳವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಮುರಕಲ್ಲಿನ ಪಾಗಾರದ ಬುಡದಲ್ಲಿ, ಹೊಳೆಯ ಕಡೆಗೆ ಇಳಿಯುವ ಓಣಿಯ ಬರೆಯಲ್ಲಿ, ಯಾರೂ ನೆಡದೆ ಯಾರೂ ನೀರೆರೆಯದೆ ಬೆಳೆದು, ವರ್ಷದ ಬಹುಕಾಲ ಕೆಂಡದಂಥ ಹೂಗೊಂಚಲನ್ನು ಹೊತ್ತು ನಿಲ್ಲುತ್ತಿದ್ದ ಪೊದೆ ಅದು. ದೇವಿಯ ಪೂಜೆಗೆ ಬೇಕು, ಭೂತಾರಾಧನೆಗೆ ಬೇಕು. ಮಕ್ಕಳಿಗಂತೂ ಶಾಲೆಯಿಂದ ಬರುವ ದಾರಿಯಲ್ಲಿ ಬೇಕೇ ಬೇಕು. ಹೂವನ್ನು ಮೆಲ್ಲನೆ ಎಳೆದು, ನಾಳದ ಬುಡವನ್ನು ತುಟಿಗಿಟ್ಟು ಹೀರಿದರೆ ಒಂದು ಹನಿ ಸಿಹಿ ಬರುತ್ತದೆ. ಆ ಒಂದು ಹನಿಗಾಗಿ ಇಡೀ ಗೊಂಚಲನ್ನು ಬೋಳಿಸಿ ಅಜ್ಜಿಯಿಂದ ಬೈಸಿಕೊಂಡವರು ನಿಮ್ಮಲ್ಲಿಯೂ ಇದ್ದೀರಿ ಎಂದು ನಂಬಿದ್ದೇನೆ.

ಆದರೆ ನಾನು ಈಗ ಹೇಳಹೊರಟದ್ದು ಕೇಪುಳವಲ್ಲದ ಒಂದು ಕೇಪುಳದ ವಿಷಯ.

ಎರಡು ವರ್ಷಗಳ ಹಿಂದೆ, ಬೇಸಗೆ ರಜೆ ಹತ್ತಿರವಾಗಿದ್ದಾಗ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸಾಗುವಾನಿ ಎಲೆಯಲ್ಲಿ ಸುತ್ತಿದ ಒಂದು ಗೊಂಚಲನ್ನು ತಂದು ನನ್ನ ಮೇಜಿನ ಮೇಲಿಟ್ಟಳು. "ಸಾರ್, ಬಿಳಿ ಕೇಪುಳ. ಇದು ಸಿಕ್ಕುವುದೇ ಅಪರೂಪವಂತೆ, ಅಜ್ಜಿ ಹೇಳಿದರು" ಎಂದಳು. ಹೊಳೆಬದಿಯಲ್ಲಿ ಹಿಂದೆ ಹಂಚಿನ ಕಾರ್ಖಾನೆಯಿದ್ದ ಒಂದು ಪಾಳು ಹಿತ್ತಿಲಲ್ಲಿ ಸಿಕ್ಕಿದ್ದಂತೆ. ಗೊಂಚಲು ಕೇಪುಳದ್ದೇ ಹಾಗಿತ್ತು. ಹೂವಿಗೆ ನಾಲ್ಕೇ ಎಸಳು, ಉದ್ದನೆಯ ನಾಳ. ಬಣ್ಣ ಮಾತ್ರ ಹಾಲಿನಂತೆ ಬಿಳುಪು, ಜೊತೆಗೆ ನವುರಾದ ಪರಿಮಳ. ನನಗೆ ಉತ್ಸಾಹ ಬಂತು. ಪಂಡಿತನಿಗೆ ಉತ್ಸಾಹ ಬಂದರೆ ಅವನು ಮೊದಲು ಮಾಡುವುದು ಹೆಸರಿಡುವ ಕೆಲಸ. ಕರಿಹಲಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ 'ಶ್ವೇತಬಂಧೂಕ' ಎಂದು ಬರೆದು, ಸುಂದರಿಯರ ತುಟಿಗೆ ಕವಿಗಳು ಬಂಧೂಕವನ್ನು ಹೋಲಿಸುವ ಪರಿಯನ್ನು ಮುಕ್ಕಾಲು ಗಂಟೆ ವಿವರಿಸಿದೆ. ಬಿಳಿಯ ಹೂವು ತುಟಿಗೆ ಹೇಗೆ ಹೋಲುತ್ತದೆ ಎಂದು ಯಾವ ಹುಡುಗನೂ ಕೇಳಲಿಲ್ಲ. ಅಷ್ಟು ನನ್ನ ಪುಣ್ಯ.

ಮಧ್ಯಾಹ್ನ ನಮ್ಮ ವಿಜ್ಞಾನದ ಟೀಚರು ಆ ಗೊಂಚಲನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ಪಂಡಿತರೇ, ಇದು ಅಪರೂಪದ ಕೇಪುಳವಲ್ಲ. ಕೇಪುಳವೇ ಅಲ್ಲ" ಎಂದರು.

ಅವರು ನನಗೆ ತೋರಿಸಿಕೊಟ್ಟ ಎರಡು ಗುರುತುಗಳನ್ನು ನಿಮಗೂ ಹೇಳುತ್ತೇನೆ. ಭೂತಗನ್ನಡಿ ಕೂಡ ಬೇಡ. ಹೂವಿನ ನಡುವಿನಿಂದ ಹೊರಗೆ ಚಾಚುವ ಎಳೆಗೆ ಶಲಾಕೆ ಎನ್ನುತ್ತಾರೆ. ಕೇಪುಳದಲ್ಲಿ ಅದು ನಾಳದ ಬಾಯಿಂದ ಸ್ವಲ್ಪವೇ ಹೊರಗೆ ಬಂದು, ತುದಿಯಲ್ಲಿ ಎರಡಾಗಿ ಸೀಳಿ ಹಿಂದಕ್ಕೆ ಬಾಗಿರುತ್ತದೆ. ಹುಡುಗಿ ತಂದ ಹೂವಿನಲ್ಲಿ ಅದು ಸೀಳದೆ, ಎಸಳುಗಳನ್ನು ಮೀರಿ ಬಹಳ ಉದ್ದಕ್ಕೆ ಹೊರಚಾಚಿತ್ತು. ಇಡೀ ಗೊಂಚಲು ಸೂಜಿ ಚುಚ್ಚಿಟ್ಟ ದಿಂಬಿನಂತೆ ಕಾಣುತ್ತಿತ್ತು. ಇದು ಮೊದಲನೆಯದು. ಎರಡನೆಯದು ಎಲೆಯಲ್ಲಿ. ಅದನ್ನು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಕಪ್ಪು ಚುಕ್ಕೆಗಳು. ರೋಗವೆಂದು ನಾನು ಭಾವಿಸಿದೆ. ರೋಗವಲ್ಲ, ಎಲೆಯೊಳಗೆ ಬ್ಯಾಕ್ಟೀರಿಯಗಳು ಕಟ್ಟಿಕೊಂಡ ಸಣ್ಣ ಸಣ್ಣ ಗಂಟುಗಳು. ಇಂಥ ಗಂಟುಗಳೊಳಗೆ ಬ್ಯಾಕ್ಟೀರಿಯಗಳಿವೆಯೆಂಬುದನ್ನು ಜಾವಾದಲ್ಲಿ ಕೆಲಸ ಮಾಡುತ್ತಿದ್ದ ತ್ಸಿಮ್ಮರ್‌ಮನ್ ಎಂಬ ವಿಜ್ಞಾನಿ ೧೯೦೨ರಲ್ಲಿ ಪ್ರಕಟಿಸಿದ. ತಾಯಿಗಿಡದಿಂದ ಬೀಜಕ್ಕೆ, ಬೀಜದಿಂದ ಮರಿಗಿಡಕ್ಕೆ ಈ ಒಕ್ಕಲು ಬಿಡದೆ ಸಾಗಿಬರುತ್ತದೆ. ಕೇಪುಳದ ಎಲೆಯಲ್ಲಿ ಇದಿಲ್ಲ.

ಹಾಗಾದರೆ ಇದರ ಹೆಸರೇನು? ಕನ್ನಡದಲ್ಲಿ ಪಾವಟೆ. ಸಸ್ಯಶಾಸ್ತ್ರದಲ್ಲಿ ಪವೆಟ್ಟ ಇಂಡಿಕ. ನನ್ನ 'ಶ್ವೇತಬಂಧೂಕ'ವನ್ನು ಕರಿಹಲಗೆಯಿಂದ ನಾನೇ ಒರೆಸಿದೆ.

ಸೋತವನಿಗೆ ಛಲ ಹುಟ್ಟುತ್ತದೆ. ಇಷ್ಟು ಹೋಲುವ ಎರಡು ಗಿಡಗಳನ್ನು ಬೇರೆ ಬೇರೆ ಎಂದವರು ಯಾರು, ಯಾವಾಗ, ಯಾವ ಆಧಾರದ ಮೇಲೆ? ಹುಡುಕಿದಾಗ ತಿಳಿದದ್ದು ಸ್ವಾರಸ್ಯವಾಗಿದೆ. ಗಿಡಮರಗಳಿಗೆ ಎರಡೆರಡು ಪದಗಳ ಹೆಸರನ್ನಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ ದೇಶದ ಲಿನೇಯಸ್, ೧೭೫೩ರಲ್ಲಿ ಹೊರಬಂದ ತನ್ನ 'ಸ್ಪೀಷೀಸ್ ಪ್ಲಾಂಟೇರಮ್' ಎಂಬ ಗ್ರಂಥದಲ್ಲಿ ಇವೆರಡನ್ನೂ ಹೆಸರಿಸಿದ್ದಾನೆ. ಒಂದೇ ಪುಟದಲ್ಲಿ, ೧೧೦ನೆಯ ಪುಟದಲ್ಲಿ, ಕೇಪುಳಕ್ಕೆ ಇಕ್ಸೋರ ಕಾಕ್ಸೀನಿಯ ಎಂದೂ ಪಾವಟೆಗೆ ಪವೆಟ್ಟ ಇಂಡಿಕ ಎಂದೂ ನಾಮಕರಣವಾಯಿತು. ನಾನು ಬೆರಸಿದ್ದನ್ನು ಆತ ಇನ್ನೂರೆಪ್ಪತ್ತು ವರ್ಷಗಳ ಹಿಂದೆಯೇ ಬೇರ್ಪಡಿಸಿಟ್ಟಿದ್ದ.

ಕಾಕ್ಸೀನಿಯ ಎಂದರೆ ಲ್ಯಾಟಿನ್ನಿನಲ್ಲಿ ಕಡುಗೆಂಪು. ಇಕ್ಸೋರ ಎಂದರೆ? ಇದನ್ನು ಕೇಳಿ ನನಗೆ ರೋಮಾಂಚವಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ಅದು ನಮ್ಮ 'ಈಶ್ವರ'ನೇ! ಪೋರ್ಚುಗೀಸರು ಶಕಾರವನ್ನು ಬರೆಯಲು ಬಳಸುತ್ತಿದ್ದ ಅಕ್ಷರವನ್ನು ಬೇರೆ ದೇಶದವರು 'ಕ್ಸ' ಎಂದು ಓದಿದ್ದರಿಂದ ಈಶ್ವರ ಇಕ್ಸೋರನಾದ. ಉತ್ತರ ಧ್ರುವದ ಸಮೀಪದ ಒಂದು ನಾಡಿನಲ್ಲಿ ಕುಳಿತ ವಿದ್ವಾಂಸನಿಗೆ, ಭಾರತವನ್ನು ಒಮ್ಮೆಯೂ ಕಾಣದವನಿಗೆ, ಈ ಹೂವಿಗೂ ದೇವರಿಗೂ ಇರುವ ನಂಟು ತಿಳಿದದ್ದಾದರೂ ಎಲ್ಲಿಂದ? ಪಶ್ಚಿಮ ಕರಾವಳಿಯ ಗಿಡಗಳ ವಿಚಾರದಲ್ಲಿ ಆತನಿಗೆ ಕಣ್ಣಾದದ್ದು ಕೊಚ್ಚಿಯ ಡಚ್ಚರ ಗವರ್ನರನಾಗಿದ್ದ ವಾನ್ ರೀಡ್ ಮಾಡಿಸಿದ 'ಹೋರ್ಟಸ್ ಮಲಬಾರಿಕಸ್'. ೧೬೭೮ರಿಂದ ೧೬೯೩ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ಮಹಾಗ್ರಂಥವದು. ಅದರ ಎರಡನೆಯ ಸಂಪುಟದಲ್ಲಿ ಕೇಪುಳದ ಚಿತ್ರವಿದೆ, 'ಶೆಟ್ಟಿ' ಎಂಬ ಹೆಸರಿನಲ್ಲಿ. ನಮ್ಮೂರಿನ ಶೆಟ್ಟರು ಹಿಗ್ಗಬೇಕಾಗಿಲ್ಲ. ಅದು ಮಲೆಯಾಳದ 'ಚೆತ್ತಿ'. ಆ ಗ್ರಂಥಕ್ಕೆ ಗಿಡಗಳ ಗುಣವನ್ನು ತಿಳಿಸಿದವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯರೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು. ಈ ಮೂವರು ನಾಗರಲಿಪಿಯಲ್ಲಿ ಬರೆದುಕೊಟ್ಟ ೧೬೭೫ರ ಒಪ್ಪಿಗೆಯ ಪತ್ರ ಮೊದಲನೆಯ ಸಂಪುಟದಲ್ಲಿಯೇ ಅಚ್ಚಾಗಿದೆ. ರಥಬೀದಿಯ ಮನೆಗಳಲ್ಲಿ ಇಂದಿಗೂ ಕೇಳುವ ಭಾಷೆಯನ್ನಾಡುತ್ತಿದ್ದವರ ಸಾಕ್ಷ್ಯ ಲಿನೇಯಸ್ಸನ ಮೇಜಿನವರೆಗೆ ಹೋಯಿತೆಂದಾಯಿತು.

ಇನ್ನು ಲಿನೇಯಸ್ಸನ ಲೆಕ್ಕಾಚಾರ. ಆತ ಗಿಡಗಳನ್ನು ಗುಂಪು ಮಾಡಿದ್ದು ಹೂವಿನ ಕೇಸರಗಳನ್ನೆಣಿಸಿ. ನಾಲ್ಕು ಕೇಸರಗಳಿದ್ದರೆ ಒಂದು ವರ್ಗ, ಐದಿದ್ದರೆ ಇನ್ನೊಂದು. ಕೇಪುಳಕ್ಕೂ ಪಾವಟೆಗೂ ನಾಲ್ಕು ನಾಲ್ಕು. ಹಾಗಾಗಿ ಒಟ್ಟಿಗೆ ಬಂದವು. ಆದರೆ ಎರಡು ಪುಟ ಆಚೆಗೆ, ಅದೇ ವರ್ಗದಲ್ಲಿ, ಇಸಬುಗೋಲಿನ ಕುಲದ ಗಿಡಗಳೂ ಇವೆ. ಅವುಗಳಿಗೂ ಕೇಪುಳಕ್ಕೂ ಹತ್ತಿರದ ನಂಟಿಲ್ಲ. ಕೇಪುಳದ ನಿಜವಾದ ಸೋದರನೊಬ್ಬನಿಗೆ ಕೇಸರ ಐದು ಇದ್ದುದರಿಂದ ಅವನು ಅರುವತ್ತು ಪುಟಗಳಾಚೆ, ೧೭೨ನೆಯ ಪುಟಕ್ಕೆ, ಎಸೆಯಲ್ಪಟ್ಟ. ಅವನು ಯಾರು ಬಲ್ಲಿರಾ? ಈಗ ನಿಮ್ಮ ರೇಡಿಯೋದ ಪಕ್ಕದಲ್ಲಿ ಲೋಟದಲ್ಲಿ ಹಬೆಯಾಡುತ್ತಿರಬಹುದಾದ ಕಾಫಿ.

ನಗಬೇಡಿ. ಬಾಬಾಬುಡನ್‌ಗಿರಿಯ ಕಾಫಿ ಗಿಡವೂ ಬೋಳಾರದ ಬರೆಯ ಕೇಪುಳವೂ ಒಂದೇ ಮನೆತನದವು. ಕೇಸರಗಳನ್ನು ಮಾತ್ರ ಎಣಿಸದೆ ಗಿಡದ ಹತ್ತಾರು ಲಕ್ಷಣಗಳನ್ನು ಒಟ್ಟಿಗೆ ತೂಗಿನೋಡಬೇಕೆಂದು ಹೊರಟ ಫ್ರಾನ್ಸಿನ ಜ್ಯೂಸ್ಯೂ ೧೭೮೯ರಲ್ಲಿ ಇವನ್ನೆಲ್ಲ ಒಂದು ಕುಟುಂಬದಲ್ಲಿ ತಂದಿರಿಸಿದ. ರೂಬಿಯೇಸಿ ಎಂದು ಅದರ ಹೆಸರು. ಇಂದು ಅದರಲ್ಲಿ ಸುಮಾರು ಹದಿಮೂರು ಸಾವಿರ ಪ್ರಭೇದಗಳನ್ನು ಎಣಿಸುತ್ತಾರೆ. ಇಕ್ಸೋರ ಕುಲವೊಂದರಲ್ಲಿಯೇ ಐನೂರಕ್ಕೂ ಹೆಚ್ಚು. ಈಚಿನ ದಶಕಗಳಲ್ಲಿ ಗಿಡದ ಜೀವಕೋಶದೊಳಗಿನ ಡಿ.ಎನ್.ಎ.ಯನ್ನು ಓದಿ ನೋಡಿದಾಗಲೂ ಆ ಮನೆತನ ಒಡೆಯಲಿಲ್ಲ; ಒಳಗೊಳಗಿನ ಪಾಲುಪಟ್ಟಿ ಮಾತ್ರ ಅಲ್ಲಲ್ಲಿ ಬದಲಾಯಿತು.

ಈ ಮನೆತನದ ಗುರುತನ್ನು ನೀವೇ ಪರೀಕ್ಷಿಸಬಹುದು. ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಆ ಎರಡು ತೊಟ್ಟುಗಳ ನಡುವೆ, ಕಡ್ಡಿಯ ಎರಡು ಬದಿಗಳಲ್ಲಿಯೂ, ಮೊನೆಯುಳ್ಳ ಒಂದು ಪುಟ್ಟ ಚಿಪ್ಪು ಇರುತ್ತದೆ. ವೃಂತಪರ್ಣವೆಂದು ಅದನ್ನು ಕರೆಯುತ್ತಾರೆ. ಕಾಫಿಯಲ್ಲಿ ನೋಡಿ, ಕೇಪುಳದಲ್ಲಿ ನೋಡಿ, ಪಾವಟೆಯಲ್ಲಿ ನೋಡಿ, ಮುಳ್ಳಿನ ಕಾರೆಯಲ್ಲಿ ನೋಡಿ. ಇನ್ನು ಹಣ್ಣು. ಕೇಪುಳದ ಹಣ್ಣಿನ ನೆತ್ತಿಯ ಮೇಲೆ ಒಂದು ಸಣ್ಣ ಕಿರೀಟವುಂಟು. ಹೂವಿನ ಪುಷ್ಪಪಾತ್ರೆ ಅಲ್ಲಿ ಉಳಿದುಕೊಂಡದ್ದು. ಅಂಡಾಶಯ ಹೂವಿನ ಕೆಳಗಿದ್ದುದರಿಂದ ಹೀಗಾಗುತ್ತದೆ. ಮಂಜಿಷ್ಠ ಮಾತ್ರ ಸ್ವಲ್ಪ ಮೋಸ ಮಾಡುತ್ತದೆ. ಅದರ ಗೆಣ್ಣಿನಲ್ಲಿ ನಾಲ್ಕು ಎಲೆಗಳಿದ್ದಂತೆ ಕಂಡರೂ ಅವುಗಳಲ್ಲಿ ಎರಡು ಎಲೆಯ ವೇಷ ಹಾಕಿದ ವೃಂತಪರ್ಣಗಳೇ ಎಂದು ಬಲ್ಲವರು ಹೇಳುತ್ತಾರೆ.

ಕೇಪುಳದ ಹೂವು ಕೆಲಸ ಮಾಡುವ ರೀತಿಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮೊಗ್ಗು ಅರಳುವುದಕ್ಕೆ ಮೊದಲೇ, ಒಳಗೆ ಮುಚ್ಚಿದ ಕತ್ತಲಲ್ಲಿ, ಕೇಸರಗಳು ಒಡೆದು ತಮ್ಮ ಪರಾಗವನ್ನೆಲ್ಲ ಶಲಾಕೆಯ ತುದಿಯ ಹೊರಮೈಗೆ ಮೆತ್ತುತ್ತವೆ. ಹೂವು ಅರಳಿದಾಗ ಶಲಾಕೆಯೇ ಆ ಪರಾಗವನ್ನು ತಟ್ಟೆಯಲ್ಲಿಟ್ಟಂತೆ ಹೊರಗೆ ಚಾಚುತ್ತದೆ. ನಾಳದ ತಳದಲ್ಲಿರುವ ಸಿಹಿಯನ್ನು ಮುಟ್ಟಲು ಉದ್ದ ಸೊಂಡಿಲು ಬೇಕು. ಆದ್ದರಿಂದ ದೊಡ್ಡ ರೆಕ್ಕೆಯ ಚಿಟ್ಟೆಗಳು ಬರುತ್ತವೆ. ಕರ್ನಾಟಕದ ರಾಜ್ಯ ಚಿಟ್ಟೆಯೆನಿಸಿದ ಹಳದಿ–ಕಪ್ಪು ಬಣ್ಣದ ಹಿರಿಯ ಚಿಟ್ಟೆಯೂ ಕೇಪುಳದ ಗಿರಾಕಿಯೇ. ಅವು ಹೀರುವಾಗ ಪರಾಗ ಅವುಗಳ ಮೋರೆಗೆ ಅಂಟಿಕೊಂಡು ಹೋಗುತ್ತದೆ. ಅದೆಲ್ಲ ಆದಮೇಲೆ ಶಲಾಕೆಯ ತುದಿ ಎರಡಾಗಿ ಸೀಳುತ್ತದೆ. ಬೇರೆ ಹೂವಿನ ಪರಾಗವನ್ನು ಬರಮಾಡಿಕೊಳ್ಳುವುದು ಆ ಸೀಳಿನ ಒಳಮೈ. ಕೊಡುವಾಗ ಬಾಗಿಲು ಮುಚ್ಚಿದೆ, ಕೊಳ್ಳುವಾಗ ತೆರೆದಿದೆ. ತನ್ನ ಪರಾಗ ತನಗೇ ತಗಲದಿರಲು ಮಾಡಿಕೊಂಡ ಏರ್ಪಾಟು. ನಾವು ಬಾಲ್ಯದಲ್ಲಿ ಕಿತ್ತು ಹೀರಿದ ಒಂದೊಂದು ಹೂವೂ ಇಷ್ಟೊಂದು ಸಿದ್ಧತೆ ಮಾಡಿಕೊಂಡು ಕಾದಿತ್ತಲ್ಲ ಎಂದು ಈಗ ಅನಿಸುತ್ತದೆ.

ಇನ್ನು ನನ್ನ ಸ್ವಂತ ಕ್ಷೇತ್ರಕ್ಕೆ, ಹೆಸರುಗಳಿಗೆ, ಬರುತ್ತೇನೆ. ಕೇಪುಳ ಎಂಬುದು ಈ ಕರಾವಳಿಯ ಮಾತು. ಇದಕ್ಕೇ ಗುಡ್ಡೆದಾಸವಾಳ, ಹೊಳೆದಾಸವಾಳ ಎಂದೂ ಹೇಳುವುದುಂಟು. ದಾಸವಾಳಕ್ಕೂ ಇದಕ್ಕೂ ಬಣ್ಣವೊಂದನ್ನುಳಿದು ಸಂಬಂಧವಿಲ್ಲ. ನನಗೆ ಮೆಚ್ಚುಗೆಯಾದ ಹೆಸರೆಂದರೆ ಕಿಸುಕಾರೆ. 'ಕಿಸು' ಎಂದರೆ ಹಳಗನ್ನಡದಲ್ಲಿ ಕೆಂಪು. ಪಟ್ಟದಕಲ್ಲಿಗೆ ಕಿಸುವೊಳಲ್ ಎಂಬ ಹೆಸರಿದ್ದುದನ್ನು ನೀವು ಕೇಳಿರಬಹುದು. ಕಾರೆ ಎಂಬುದು ಗುಡ್ಡದ ಮುಳ್ಳುಪೊದೆ. ಆಗಲೇ ಹೇಳಿದಂತೆ ಅದೂ ಕಾಫಿಯ ಕುಟುಂಬದ್ದೇ. ಕೆಂಪು ಹೂವಿನ ಕಾರೆ ಎಂದು ಈ ಗಿಡವನ್ನು ಕರೆದ ನಮ್ಮ ಹಿರಿಯರು, ಕೇಸರವನ್ನೆಣಿಸದೆ, ಲ್ಯಾಟಿನ್ ಕಲಿಯದೆ, ಎಲೆಜೋಡಿಯನ್ನೂ ಹಣ್ಣನ್ನೂ ನೋಡಿಯೇ ನೆಂಟಸ್ತಿಕೆಯನ್ನು ಹಿಡಿದಿದ್ದರೆಂದು ನನ್ನ ಊಹೆ. ಊಹೆಯೆಂದೇ ಇಟ್ಟುಕೊಳ್ಳಿ, ಆದರೆ ಬಿಟ್ಟುಕೊಡಲು ನನಗೆ ಇಷ್ಟವಿಲ್ಲ. ತಮಿಳರಲ್ಲಿ ಇದು ವೆಟ್ಚಿ. ಶತ್ರುವಿನ ದನಗಳನ್ನು ಹೊಡೆದು ತರಲು ಹೊರಟ ವೀರರು ಮುಡಿಯುತ್ತಿದ್ದ ಹೂವೆಂದು ಪ್ರಸಿದ್ಧಿ; ತೊಲ್ಕಾಪ್ಪಿಯಂ ಆ ಕಾಳಗದ ಬಗೆಗೇ ವೆಟ್ಚಿ ಎಂಬ ಹೆಸರನ್ನು ಕೊಟ್ಟಿದೆ. ನಮ್ಮ ವೀರಗಲ್ಲುಗಳ ತುರುಗೋಳಿಗೆ ಅಲ್ಲಿ ಹೂವಿನ ಹೆಸರು!

ನನ್ನನ್ನು ದಾರಿತಪ್ಪಿಸಿದ 'ಬಂಧೂಕ'ದ ಸಂಗತಿಯೂ ಇತ್ಯರ್ಥವಾಗಬೇಕು. ಅಮರಕೋಶದಲ್ಲಿ ರಕ್ತಕ, ಬಂಧೂಕ, ಬಂಧುಜೀವಕ ಎಂದು ಒಂದೇ ಗಿಡದ ಹೆಸರುಗಳು ಬರುತ್ತವೆ. ಹಳಗನ್ನಡದವರು ಬಂದುಗೆ ಎಂದರು. ಔಷಧಿಯ ಪುಸ್ತಕಗಳು ಅನೇಕ ಕಡೆ ಇದನ್ನು ಕೇಪುಳವೆಂದು ಹೇಳಿಬಿಡುತ್ತವೆ. ಹಾಗೆ ಹೇಳುವವರ ಸಾಲಿನಲ್ಲಿ ದೊಡ್ಡವರೂ ಇದ್ದಾರೆ: ಭಾರತದ ಸಸ್ಯಶಾಸ್ತ್ರದ ಪಿತಾಮಹನೆನ್ನಬಹುದಾದ ರಾಕ್ಸ್‌ಬರ್ಗ್ ಕೇಪುಳದ ಒಂದು ಬಗೆಗೆ ಇಕ್ಸೋರ ಬಂಧೂಕ ಎಂದೇ ಹೆಸರಿಟ್ಟ. ಅದು ಬೇರೆ ಪ್ರಭೇದವಲ್ಲ, ಇಕ್ಸೋರ ಕಾಕ್ಸೀನಿಯವೇ ಎಂದು ಈಗ ತೀರ್ಮಾನವಾಗಿದೆ. ಹೆಚ್ಚಿನ ವಿದ್ವಾಂಸರು ಕಾವ್ಯದ ಬಂಧೂಕವೆಂದು ಒಪ್ಪುವುದು ಪೆಂಟಪೀಟಿಸ್ ಫೀನಿಸಿಯ ಎಂಬ ಗಿಡವನ್ನು. ಅದು ದಾಸವಾಳದ ಕುಟುಂಬದ್ದು, ಐದೆಸಳಿನ ಹೂವು. ನಡುಹಗಲಲ್ಲಿ ಅರಳಿ ಮರುದಿನ ಬೆಳಗಾಗುವಾಗ ಬಿದ್ದುಹೋಗುತ್ತದೆ. ಗೊಂಚಲಾಗಿ ನಿಲ್ಲುವ ಕೇಪುಳವೆಲ್ಲಿ, ಒಂಟಿಯಾಗಿ ಬಾಗುವ ಬಂಧೂಕವೆಲ್ಲಿ! ಮುಂದೆ ಪದ್ಯ ಪಾಠ ಮಾಡುವಾಗ ಎಸಳನ್ನು ಎಣಿಸಿಯೇ ಮಾತಾಡಬೇಕೆಂದು ನಿಶ್ಚಯಿಸಿದ್ದೇನೆ.

ಇಷ್ಟೆಲ್ಲ ಹೆಸರುಗಳ ಗೊಡವೆ ಏಕೆ, ಹೂವು ಚೆಂದವಾಗಿದ್ದರೆ ಸಾಲದೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಇದ್ದೆ, ಕಳೆದ ವರ್ಷದವರೆಗೆ.

ನಮ್ಮ ಓಣಿಯಲ್ಲಿ ಒಬ್ಬರು ಹಳೆಯ ಹಂಚಿನ ಮನೆಯನ್ನು ತೆಗೆದು ಹೊಸದಾಗಿ ಕಟ್ಟಿಸಲು ಹೊರಟರು. ಸಜ್ಜನರು, ದೈವದೇವರಲ್ಲಿ ಭಕ್ತಿಯುಳ್ಳವರು. ಅವರ ಹಿತ್ತಿಲ ಮೂಲೆಯಲ್ಲಿ, ಬಾವಿಯ ಹಿಂದೆ, ಆಳೆತ್ತರದ ಒಂದು ಹಳೆಯ ಕೇಪುಳವಿತ್ತು. "ಅದನ್ನೊಂದು ಉಳಿಸಿ" ಎಂದು ಕೇಳಿಕೊಂಡೆ. "ಅಯ್ಯೋ, ಕೇಪುಳವನ್ನು ಕಡಿಸುತ್ತೇವೆಯೇ ಸಾರ್! ಜೆ.ಸಿ.ಬಿ.ಯವನಿಗೆ ಈಗಲೇ ಹೇಳುತ್ತೇನೆ" ಎಂದರು. ಹೇಳಿಯೂ ಹೇಳಿದರು. ಸಂಜೆ ನಾನು ಶಾಲೆಯಿಂದ ಬರುವಾಗ ಗೇಟಿನ ಪಕ್ಕದಲ್ಲಿ ನರ್ಸರಿಯಿಂದ ತಂದು ನೆಟ್ಟಿದ್ದ ಆರು ಕುಳ್ಳ ಗಿಡಗಳು ಮಣ್ಣು ಕೂಡ ಮೈಗೆ ತಾಗದೆ ಕ್ಷೇಮವಾಗಿದ್ದವು. ಬಾವಿಯ ಹಿಂದೆ ಮುರಕಲ್ಲಿನ ಕೆಂಪು ಹೊಂಡ. ಮನೆಯವರು ಸಂತೋಷದಿಂದಲೇ ಹೇಳಿದರು: "ನೋಡಿ ಸಾರ್, ಕೇಪುಳವನ್ನು ಉಳಿಸಿದ್ದೇವೆ."

ಅವರದು ಸುಳ್ಳಲ್ಲ. ನರ್ಸರಿಯವರೂ ಅದನ್ನು ಕೇಪುಳವೆಂದೇ ಮಾರುತ್ತಾರೆ. ಆದರೆ ಅಲ್ಲಿ ಬರುವ ಗಿಡಗಳು ಬಹುಮಟ್ಟಿಗೆ ಇಕ್ಸೋರ ಚೈನೆನ್ಸಿಸ್ ಎಂಬ ಪರದೇಶದ ಪ್ರಭೇದ, ಇಲ್ಲವೇ ಎರಡು ಮೂರು ಪ್ರಭೇದಗಳನ್ನು ಕೂಡಿಸಿ ಮಾಡಿದ ಮಿಶ್ರತಳಿ. ದಕ್ಷಿಣ ಚೀನದ ಕಡೆಯ ಆ ಗಿಡಕ್ಕೆ ಹೆಸರಿಟ್ಟವನು ಲಮಾರ್ಕ್, ೧೭೮೯ರಲ್ಲಿ. ನಮ್ಮ ಕೇಪುಳದ ಎಲೆಗೆ ತೊಟ್ಟು ಇದ್ದೂ ಇಲ್ಲದಂತೆ. ಎಲೆಯ ಬುಡ ಅಗಲವಾಗಿ, ದುಂಡಾಗಿ, ಕಡ್ಡಿಯನ್ನು ಅಪ್ಪಿಕೊಂಡಂತಿರುತ್ತದೆ. ಹೂವಿನ ಎಸಳು ತುದಿಯಲ್ಲಿ ಚೂಪು. ಚೀನದ ಗಿಡದಲ್ಲಿ ಎಲೆಯ ಬುಡ ಕಿರಿದಾಗುತ್ತ ಹೋಗಿ ಸಣ್ಣ ತೊಟ್ಟಾಗುತ್ತದೆ. ಎಸಳಿನ ತುದಿ ಗುಂಡು. ಮಿಶ್ರತಳಿಗಳಲ್ಲಿ ಎರಡೂ ಬೆರೆತಿರುತ್ತವೆ, ಹೂವು ಧಾರಾಳ, ಹಣ್ಣು ಅಪರೂಪ. ಹಣ್ಣಿಲ್ಲದಿದ್ದರೆ ಪಿಕಳಾರ ಹಕ್ಕಿ ಬರುವುದಿಲ್ಲ. ಹಕ್ಕಿ ಬಾರದಿದ್ದರೆ ಮುಂದಿನ ಪಾಗಾರದ ಬುಡದಲ್ಲಿ ತಾನಾಗಿ ಕೇಪುಳ ಹುಟ್ಟುವುದಿಲ್ಲ. ಇಡಿಯ ನಾಡಿನಲ್ಲಿ ಇಕ್ಸೋರ ಕಾಕ್ಸೀನಿಯ ಮುಗಿದುಹೋಯಿತೆಂದು ನಾನು ಹೇಳುತ್ತಿಲ್ಲ. ಘಟ್ಟದ ತಪ್ಪಲಲ್ಲಿ ಬೇಕಾದಷ್ಟಿದೆ. ನಮ್ಮ ಬೋಳಾರದಲ್ಲಿ ಮಾತ್ರ, ನಾನು ನಡೆದು ನೋಡಿದ ಓಣಿಗಳಲ್ಲಿ, ತಾನಾಗಿ ಹುಟ್ಟಿದ ಕೇಪುಳವನ್ನು ಬೆರಳಲ್ಲಿ ಎಣಿಸಬಹುದು. ಹೆಸರು ಹಾಗೆಯೇ ಉಳಿದಿದೆ. ಅದರ ಅಡಿಯಲ್ಲಿ ಗಿಡ ಬದಲಾಗಿದೆ.

ಒಣಗಿಸಿಟ್ಟ ಗಿಡಗಳ ಹಾಳೆಗಳಿಗೆ ಹರ್ಬೇರಿಯಮ್ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಾಸೆಲ್ ಮಿಶನ್ನಿನ ಮೆಟ್ಸ್ ಮುಂತಾದವರು ಕೆನರಾ ಜಿಲ್ಲೆಯಿಂದ ಸಂಗ್ರಹಿಸಿ ಕಳುಹಿಸಿದ ಗಿಡಗಳನ್ನು ಹೊಹೆನಾಕರ್ ಎಂಬವನು ಯುರೋಪಿನ ಸಂಗ್ರಹಾಲಯಗಳಿಗೆ ಹಂಚಿದ. 'ಮಂಗಳೂರು ಪಟ್ಟಣದ ಸಮೀಪ' ಎಂದು ಲ್ಯಾಟಿನ್ನಿನಲ್ಲಿ ಅಚ್ಚು ಮಾಡಿದ ಆ ಚೀಟಿಗಳು ಅಲ್ಲಿ ಇನ್ನೂ ಇವೆ. ನಮ್ಮಲ್ಲಿಯೂ ಡಾ. ಕೆ. ಗೋಪಾಲಕೃಷ್ಣ ಭಟ್ಟರು ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಸಸ್ಯಗಳ ಬಗ್ಗೆ ದೊಡ್ಡ ಗ್ರಂಥಗಳನ್ನೇ ಬರೆದಿದ್ದಾರೆ. ಜೀವಂತ ಗಿಡಗಳನ್ನು ನೋಡಬೇಕೆಂದರೆ ವಾಮಂಜೂರಿನ ಬಳಿಯ ಪಿಲಿಕುಳಕ್ಕೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಬಹುದು.

ಮನೆಯಲ್ಲಿ ಬೆಳೆಸುವ ಆಸೆಯಿದ್ದವರಿಗೆ ಒಂದೆರಡು ಮಾತು. ಹಣ್ಣು ಕಪ್ಪಾಗುವಷ್ಟು ಮಾಗಿದ ಮೇಲೆ ಬೀಜವನ್ನು ತೊಳೆದು ಕೂಡಲೇ ಬಿತ್ತಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟರೆ ಆಗದು. ಅಥವಾ ಮಳೆಗಾಲದಲ್ಲಿ, ಎಳತೂ ಅಲ್ಲದ ಬಲಿತೂ ಇಲ್ಲದ ಕಡ್ಡಿಯನ್ನು ಊರಬೇಕು. ಮುರಮಣ್ಣು ಇದಕ್ಕೆ ಹಿತ. ಸಿಮೆಂಟಿನ ಗೋಡೆಯ ಬುಡದಲ್ಲಿ, ಸುಣ್ಣದ ಚೂರುಗಳ ನಡುವೆ ನೆಟ್ಟರೆ ಎಲೆ ಹಳದಿಗಟ್ಟುತ್ತದೆ. ಸುಣ್ಣದ ಅಂಶವಿರುವ ಮಣ್ಣಿನಿಂದ ಕಬ್ಬಿಣದ ಸತ್ವವನ್ನು ಎಳೆದುಕೊಳ್ಳಲು ಈ ಗಿಡಕ್ಕೆ ಬರುವುದಿಲ್ಲ. ಗೊಬ್ಬರ ಕಡಿಮೆಯಾಯಿತೆಂದು ತಿಳಿದು ಮತ್ತಷ್ಟು ಸುರಿಯುವವರನ್ನು ಕಂಡಿದ್ದೇನೆ.

ಪಾವಟೆ ಸಿಕ್ಕಿದ್ದ ಆ ಪಾಳು ಹಿತ್ತಿಲನ್ನೂ ಈಗ ಸಮತಟ್ಟು ಮಾಡಿದ್ದಾರೆ. ಅದಕ್ಕೆ ಮೊದಲು, ಆಟಿಯ ಮಳೆಯಲ್ಲಿ, ಹುಡುಗಿಯೂ ಅವಳ ಅಜ್ಜಿಯೂ ವಿಜ್ಞಾನದ ಟೀಚರೂ ನಾನೂ ಹೋಗಿ ಆರು ಕಡ್ಡಿಗಳನ್ನು ತಂದು ಶಾಲೆಯ ಬಾವಿಕಟ್ಟೆಯ ಹತ್ತಿರ ಊರಿದೆವು. ನಾಲ್ಕು ಕೊಳೆತವು, ಎರಡು ಚಿಗುರಿದವು. ಅಜ್ಜಿ ಈಗಲೂ ಅದನ್ನು ಬಿಳಿ ಕೇಪುಳವೆಂದೇ ಕರೆಯುತ್ತಾರೆ. ಅವರನ್ನು ತಿದ್ದುವ ಧೈರ್ಯ ನಮಗಾರಿಗೂ ಇಲ್ಲ. ಹುಡುಗಿ ಮಾತ್ರ ಒಂದು ತಗಡಿನ ತುಂಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದು ನೆಟ್ಟಿದ್ದಾಳೆ: "ಪಾವಟೆ. ಪವೆಟ್ಟ ಇಂಡಿಕ. ಕಾಫಿಯ ಕುಟುಂಬ. ಎಲೆಯ ಚುಕ್ಕೆ ರೋಗವಲ್ಲ, ಔಷಧ ಹೊಡೆಯಬೇಡಿ."